ಡಿಸೆಂಬರ್‌ನಲ್ಲಿ ಕೇದಾರಕಂಠ, ಮೊದಲ ಸಲ: ಏನು ಕೊಳ್ಳಬೇಕು, ಏನು ಬೇಡ?

ಹಾಸನದ_ಹುಡುಗ
ಎಲ್ಲರಿಗೂ ನಮಸ್ಕಾರ. ಆಫೀಸಿನ ನಾಲ್ಕು ಜನ ಸೇರಿ ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಕೇದಾರಕಂಠ ಟ್ರೆಕ್‌ಗೆ ಬುಕ್ ಮಾಡಿದ್ದೇವೆ. ನಾಲ್ವರಲ್ಲಿ ಯಾರೂ ಟೆಂಟಿನಲ್ಲಿ ಮಲಗಿದವರಲ್ಲ. ಹಿಮ ನೋಡಿರೋದು ಫ್ರಿಜ್ಜಿನಲ್ಲಿ ಮಾತ್ರ.

ಟೆಂಟ್, ಸ್ಲೀಪಿಂಗ್ ಬ್ಯಾಗ್, ಊಟ ಎಲ್ಲ ಆಯೋಜಕರದ್ದೇ. ಬಟ್ಟೆ, ಶೂ, ಬ್ಯಾಗು ನಮ್ಮದು. ಅವರು ಕಳಿಸಿದ ಪಟ್ಟಿ ನೋಡಿ ತಲೆ ತಿರುಗಿತು. ಅದರಲ್ಲಿರೋದನ್ನೆಲ್ಲ ಕೊಂಡರೆ ಟ್ರೆಕ್ ಫೀಸಿಗಿಂತ ಅಂಗಡಿ ಬಿಲ್ಲೇ ಜಾಸ್ತಿ ಆಗುತ್ತದೆ.

ಸದ್ಯ ನನ್ನ ಹತ್ತಿರ ಇರೋದು: ಜೀನ್ಸ್, ಬೈಕಿಗೆ ಹಾಕೋ ಲೆದರ್ ಜಾಕೆಟ್, ವಾಕಿಂಗ್ ಶೂ, ಲ್ಯಾಪ್‌ಟಾಪ್ ಬ್ಯಾಗು, ಅಮ್ಮ ಹೆಣೆದ ಉಣ್ಣೆ ಸ್ವೆಟರ್. ಹತ್ತು ಸಾವಿರದೊಳಗೆ ಮುಗಿಸಬೇಕು. ಯಾವುದಕ್ಕೆ ದುಡ್ಡು ಹಾಕಲಿ, ಯಾವುದನ್ನು ಸ್ನೇಹಿತರ ಹತ್ತಿರ ಕೇಳಲಿ, ಯಾವುದು ಸುಮ್ನೆ ದಂಡ?

ಗುಡ್ಡದ_ಗಾಳಿ
ಜೀನ್ಸ್ ಮನೆಯಲ್ಲಿ ಬಿಡಿ. ಉಳಿದಿದ್ದು ಆಮೇಲೆ ಮಾತಾಡೋಣ.

ಬೆಂದಕಾಳು
ಲೆದರ್ ಜಾಕೆಟ್ ಕೂಡ. ಅದನ್ನು ಹೊತ್ತುಕೊಂಡು ಹೋಗೋಕೇ ಒಬ್ಬ ಪೋರ್ಟರ್ ಬೇಕು.

ದೂರದ_ದಾರಿ
ಪಟ್ಟಿ ಬಿಡಿ, ಮೊದಲು ಅಲ್ಲಿನ ಚಳಿ ಎಷ್ಟು ಅಂತ ಲೆಕ್ಕ ಹಾಕಿ. ಟ್ರೆಕ್ ಶುರುವಾಗುವ ಸಾಂಕ್ರಿ ಊರು ಸುಮಾರು 1,950 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ ಎಷ್ಟಿದೆಯೋ, ಹೆಚ್ಚುಕಡಿಮೆ ಅಷ್ಟು ಎತ್ತರದಿಂದ ನೀವು ಹತ್ತೋಕೆ ಶುರು ಮಾಡುತ್ತೀರಿ. ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ ಅಂತ ಇಟ್ಟುಕೊಂಡರೂ ಸಾಂಕ್ರಿಗಿಂತ ತುದಿಯಲ್ಲಿ ಹನ್ನೆರಡು ಡಿಗ್ರಿ ಕಮ್ಮಿ. ಗಾಳಿ ಬೇರೆ. ಮೇಲಿನ ಕ್ಯಾಂಪಿನಲ್ಲಿ ರಾತ್ರಿ ಮೈನಸ್ ಐದು, ಮೈನಸ್ ಹತ್ತು ಆಗೋದು ಮಾಮೂಲು.

ಆದರೆ ಹಗಲು ಬಿಸಿಲಲ್ಲಿ ಹತ್ತುವಾಗ ಟೀ-ಶರ್ಟ್ ಒದ್ದೆ ಆಗುವಷ್ಟು ಬೆವರುತ್ತೀರಿ. ಹೊಸಬರಿಗೆ ಇದು ಹೊಳೆಯೋದಿಲ್ಲ. ಮೈನಸ್ ಹತ್ತು ಅಂದ ಕೂಡಲೇ ಒಂದು ದಪ್ಪ ಜಾಕೆಟ್ ಕೊಂಡು, ಬೆಳಗ್ಗೆಯಿಂದ ಸಂಜೆವರೆಗೆ ಅದನ್ನೇ ಹಾಕಿಕೊಂಡು, ಒಳಗೆ ಬೆವರಿ, ಕ್ಯಾಂಪ್ ತಲುಪಿದ ಮೇಲೆ ನಿಂತಲ್ಲೇ ನಡುಗುತ್ತಾರೆ. ಒದ್ದೆ ಮೈಯೇ ಶತ್ರು. ಚಳಿ ಆಮೇಲಿನದು.

ಅದಕ್ಕೇ ತೆಳುವಾದ ಮೂರು ಪದರ. ಮೈಗೆ ತಾಗುವಂಥದ್ದು ಬೆವರನ್ನು ಹೊರಗೆ ಹಾಕುವ ಪಾಲಿಯೆಸ್ಟರ್ ಅಥವಾ ಉಣ್ಣೆ. ಅದರ ಮೇಲೆ ಫ್ಲೀಸ್, ಅಂದರೆ ಉಣ್ಣೆಯ ಹಾಗಿರುವ ಮೆತ್ತನೆ ಸಿಂಥೆಟಿಕ್ ಬಟ್ಟೆ. ಎಲ್ಲದರ ಮೇಲೆ ಗಾಳಿ, ಮಳೆ ತಡೆಯುವ ತೆಳು ಜಾಕೆಟ್. ಇದಲ್ಲದೆ ಒಂದು ಡೌನ್ (ಹಕ್ಕಿಯ ಮೆತ್ತನೆ ಪುಕ್ಕ) ಅಥವಾ ಸಿಂಥೆಟಿಕ್ ತುಂಬಿದ ಉಬ್ಬು ಜಾಕೆಟ್ ಬೇಕು. ಅದನ್ನು ನಡೆಯುವಾಗ ಹಾಕೋದಲ್ಲ, ನಿಂತಾಗ ಹಾಕೋದು. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು. ಬೆಚ್ಚಗೆ ಅನಿಸಿದರೆ ಒಂದು ಪದರ ಜಾಸ್ತಿ ಹಾಕಿದ್ದೀರಿ ಅಂತಲೇ ಅರ್ಥ.

ಹಾಸನದ_ಹುಡುಗ
ಥ್ಯಾಂಕ್ಸ್ ಸರ್. ಪಾಲಿಯೆಸ್ಟರ್ ಟೀ-ಶರ್ಟ್ ಅಂದರೆ ಟ್ರೆಕ್ಕಿಂಗಿಗೆ ಅಂತ ಬೇರೆ ಸಿಗುತ್ತಾ?

ಬೆಂದಕಾಳು
ಬೆಂಗಳೂರಲ್ಲಿ ಇರೋದು ತಾನೆ? ಯಾರಾದರೂ ಮ್ಯಾರಥಾನ್ ಓಡುವ ಸ್ನೇಹಿತರನ್ನು ಹಿಡಿಯಿರಿ. ಬಿಟ್ಟಿ ಸಿಕ್ಕಿದ ಟೀ-ಶರ್ಟ್ ಕಪಾಟಿನ ತುಂಬ ಇರುತ್ತವೆ. ಅದೇ ಸಾಕು.

ಕರಾವಳಿ_ಬಿಸಿಲು
ಕಾಟನ್ ಬೇಡ, ಕಾಟನ್ ಬೇಡ ಅಂತ ಎಲ್ಲರೂ ಗಿಣಿಪಾಠ ಒಪ್ಪಿಸುತ್ತಾರೆ. ನಾವು ಕುಮಾರಪರ್ವತ, ಕುದುರೆಮುಖ ಎಲ್ಲ ಹತ್ತಿದ್ದು ಕಾಟನ್ ಬನಿಯನ್, ಲುಂಗಿ ಕಟ್ಟಿಕೊಂಡೇ. ಯಾರೂ ಸಾಯಲಿಲ್ಲ. ಈಗಿನವರಿಗೆ ಬೆಟ್ಟ ಹತ್ತೋಕೂ ಯೂನಿಫಾರ್ಮ್ ಬೇಕು.

ದೂರದ_ದಾರಿ
ಅಣ್ಣಾ, ಫೆಬ್ರವರಿ ಬಿಸಿಲಲ್ಲಿ ಕುಮಾರಪರ್ವತದ ದಾರಿಯ ಗಿರಿಗದ್ದೆಗೆ ಹತ್ತೋಕೆ ಕಾಟನ್ ಒಳ್ಳೆಯದೇ. ಒದ್ದೆಯಾದರೆ ಮೈ ತಂಪಾಗುತ್ತದೆ, ಅಲ್ಲಿ ಬೇಕಾಗಿರೋದೂ ಅದೇ. ಹಿಮದಲ್ಲಿ ಆ ತಂಪೇ ತೊಂದರೆ. ಕಾಟನ್ ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ಅಲ್ಲಿನ ಚಳಿಯಲ್ಲಿ ಒಣಗುವುದೂ ಇಲ್ಲ. ಜೀನ್ಸ್ ಅಂತೂ ಒದ್ದೆಯಾಗಿ ರಾತ್ರಿ ಹೊರಗಿದ್ದರೆ ಬೆಳಗ್ಗೆ ಹಲಗೆ ಆಗಿರುತ್ತದೆ.

ಕರಾವಳಿ_ಬಿಸಿಲು
ಸರಿ, ಹಿಮಕ್ಕೆ ಒಪ್ಪಿದೆ. ನಮ್ಮ ಘಟ್ಟಕ್ಕೆ ಒಪ್ಪಲ್ಲ.

ತೀರ್ಥಳ್ಳಿ_ಮಾಣಿ
ಘಟ್ಟದಲ್ಲೂ ಮಳೆಗಾಲಕ್ಕೆ ಕಾಟನ್ ಹಾಕಿಕೊಂಡು ಬನ್ನಿ ಮಾರಾಯ್ರೆ, ನಾನೂ ನೋಡ್ತೇನೆ. ನಮ್ಮ ಅಜ್ಜಂದಿರು ಜಡಿಮಳೆಯಲ್ಲಿ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದರು, ಕಾಟನ್ ಪಂಚೆ ಹೊದ್ದುಕೊಂಡಲ್ಲ. ಕಂಬಳಿ ನೆನೆದರೂ ಒಳಗೆ ಬೆಚ್ಚಗೇ ಇರುತ್ತದೆ. ನೆಟ್ಟಿ ಮಾಡುವವರಿಗೆ ಗೊರಬು. ತಲೆ, ಬೆನ್ನು ಎರಡೂ ಮುಚ್ಚಿ ಎರಡು ಕೈ ಖಾಲಿ. ಈಗ ಅಂಗಡಿಯಲ್ಲಿ ಪಾಂಚೋ ಅಂತ ಮಾರೋದು ಅದರ ಪ್ಲಾಸ್ಟಿಕ್ ಮರಿ.

ಚಳ್ಳಕೆರೆ_ಹೈದ
ಕಂಬಳಿ ವಿಷಯ ಬಂದಮೇಲೆ ನಮ್ಮೂರು ಬಿಟ್ಟು ಮಾತಾಡಬಾರದು. ಚಳ್ಳಕೆರೆ ಕಂಬಳಿ ಒಂದು ತಗೊಂಡು ಹೋಗಿ. ಯಾವ ಸ್ಲೀಪಿಂಗ್ ಬ್ಯಾಗೂ ಬೇಡ.

ಗುಡ್ಡದ_ಗಾಳಿ
ತೂಕ ಎಷ್ಟು?

ಚಳ್ಳಕೆರೆ_ಹೈದ
ಕುರಿ ಹೊರುತ್ತದೆ, ನಿಮಗೇನು ಕಷ್ಟ?

ದೂರದ_ದಾರಿ
😀 ಆದರೆ ಉಣ್ಣೆ ಬಗ್ಗೆ ಮಾಣಿ ಹೇಳಿದ್ದು ನೂರಕ್ಕೆ ನೂರು ಸರಿ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸೋದಿಲ್ಲ. ಹಾಸನದವರೇ, ಅಮ್ಮ ಹೆಣೆದ ಸ್ವೆಟರ್ ನಿಜವಾದ ಉಣ್ಣೆಯದ್ದಾದರೆ ಫ್ಲೀಸ್ ಕೊಳ್ಳಲೇಬೇಡಿ. ಅದೇ ನಿಮ್ಮ ನಡುವಿನ ಪದರ. ಸ್ವಲ್ಪ ಭಾರ ಇರುತ್ತದೆ, ಅಷ್ಟೇ. ಅಕ್ರಿಲಿಕ್ ಆದರೂ ಪರವಾಗಿಲ್ಲ.

ನಡೆದಾಡುವವಳು
ಬಟ್ಟೆ ಬಗ್ಗೆ ಇಷ್ಟು ಜಗಳ ಆಡುತ್ತಿದ್ದೀರಿ, ಶೂ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಹತ್ತು ಸಾವಿರದಲ್ಲಿ ಅರ್ಧ ಶೂಗೆ ಇಡಿ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ, ಸ್ನೇಹಿತರ ಹತ್ತಿರ ಸಿಗುತ್ತದೆ. ನಿಮ್ಮ ಪಾದದ ಆಕಾರಕ್ಕೆ ಪಳಗಿದ ಶೂ ಎಲ್ಲೂ ಬಾಡಿಗೆಗೆ ಸಿಗೋದಿಲ್ಲ.

ಅಂಗಡಿಗೆ ಸಂಜೆ ಹೋಗಿ, ಬೆಳಗ್ಗೆ ಬೇಡ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಆಗುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಲೇಸ್ ಕಟ್ಟಿ ಇಳಿಜಾರಿನ ಮೇಲೆ ಇಳಿದು ನೋಡಿ. ಕೆಲವು ಅಂಗಡಿಯಲ್ಲಿ ಅದಕ್ಕೇ ಒಂದು ಸಣ್ಣ ಇಳಿಜಾರು ಇಟ್ಟಿರುತ್ತಾರೆ. ಇಳಿಯುವಾಗ ಹೆಬ್ಬೆರಳು ಮುಂದೆ ತಾಗಿದರೆ ಆ ಸೈಜ್ ಬೇಡ. ಅರ್ಧ ಸೈಜ್ ದೊಡ್ಡದು ತಗೊಳ್ಳಿ. ಬೆರಳು ಆಡಿಸೋಕೆ ಜಾಗ ಇದ್ದರೆ ಮಾತ್ರ ಹಿಮದಲ್ಲಿ ಪಾದ ಬೆಚ್ಚಗಿರುತ್ತದೆ. ಬಿಗಿಯಾದ ಶೂ ಒಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಟ ಕಮ್ಮಿಯಾಗಿ ಇನ್ನೂ ಜಾಸ್ತಿ ಚಳಿ.

ಕೊಂಡ ಮೇಲೆ ಒಂದು ತಿಂಗಳು ಆಫೀಸಿಗೂ ಅದನ್ನೇ ಹಾಕಿ. ನಗುವವರು ನಗಲಿ. ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಿ. ಇದು ಚಿಕ್ಕ ವಿಷಯ ಅನಿಸುತ್ತದೆ, ಇಳಿಯುವ ದಿನ ಗೊತ್ತಾಗುತ್ತದೆ.

ಹಾಸನದ_ಹುಡುಗ
ಅಕ್ಕಾ, ವಾಕಿಂಗ್ ಶೂ ನಡೆಯೋದೇ ಇಲ್ವಾ? ಸಾಂಕ್ರಿಯಲ್ಲೇ ಶೂ ಬಾಡಿಗೆಗೆ ಕೊಡುತ್ತಾರೆ ಅಂತ ಕೇಳಿದೆ.

ಡೂನ್_ಕನ್ನಡಿಗ
ಡೆಹ್ರಾಡೂನಿನಲ್ಲಿ ಇದ್ದೇನೆ, ಆ ಕಡೆ ಆಗಾಗ ಹೋಗುತ್ತೇನೆ. ಸಾಂಕ್ರಿಯಲ್ಲಿ ಶೂ, ಜಾಕೆಟ್, ಕೋಲು, ಶೂ ಒಳಗೆ ಹಿಮ ಹೋಗದ ಹಾಗೆ ಕಾಲಿಗೆ ಕಟ್ಟುವ ಗೇಟರ್ ಎಲ್ಲ ಬಾಡಿಗೆಗೆ ಇವೆ. ಆದರೆ ಕ್ರಿಸ್‌ಮಸ್, ಹೊಸವರ್ಷದ ವಾರ ಅಲ್ಲಿ ಜಾತ್ರೆ. ನಿಮ್ಮ ಅಳತೆ ಸಿಗುವ ಗ್ಯಾರಂಟಿ ಇಲ್ಲ. ಜಾಕೆಟ್ ಒಂದು ಸೈಜ್ ದೊಡ್ಡದಾದರೆ ನಡೆಯುತ್ತದೆ, ಶೂ ಆಗೋದಿಲ್ಲ. ಹಾಗಾಗಿ ಜಾಕೆಟ್ ಬಾಡಿಗೆ, ಶೂ ಸ್ವಂತ.

ಡೂನಿನಿಂದ ಸಾಂಕ್ರಿಗೆ 200 ಕಿ.ಮೀ. ಹತ್ತಿರ. ಕೇಳೋಕೆ ಕಮ್ಮಿ. ಬೆಟ್ಟದ ರಸ್ತೆ, ಇಡೀ ದಿನ ಹೋಗುತ್ತದೆ. ದಾರಿಯಲ್ಲಿ ಪುರೋಲಾ, ಮೋರಿ ಸಿಗುತ್ತವೆ. ಮರೆತ ಸಣ್ಣಪುಟ್ಟ ವಸ್ತು ಪುರೋಲಾದಲ್ಲಿ ಕೊಂಡುಬಿಡಿ. ವಾಂತಿ ಮಾತ್ರೆ ಬೆಂಗಳೂರಲ್ಲೇ ಕೊಳ್ಳಿ.

ಇನ್ನೊಂದು ಮಾತು. ಡಿಸೆಂಬರ್ ಅಂದರೆ ಮೊಣಕಾಲುದ್ದ ಹಿಮ ಇದ್ದೇ ಇರುತ್ತದೆ ಅಂತಿಲ್ಲ. ಕೆಲವು ವರ್ಷ ಕ್ರಿಸ್‌ಮಸ್‌ವರೆಗೆ ಮೇಲೆ ಮಾತ್ರ ಸ್ವಲ್ಪ ಇರುತ್ತದೆ. ಆದರೆ ತುಳಿದು ಗಟ್ಟಿಯಾದ ದಾರಿ ರಾತ್ರಿ ಗಾಜಾಗುತ್ತದೆ. ಜಾರದ ಹಾಗೆ ಶೂ ಅಡಿಗೆ ಸಿಕ್ಕಿಸುವ ಲೋಹದ ಮುಳ್ಳು, ಮೈಕ್ರೊಸ್ಪೈಕ್, ಆಯೋಜಕರು ಕೊಡುತ್ತಾರಾ ಅಂತ ಈಗಲೇ ಫೋನ್ ಮಾಡಿ ಕೇಳಿ. ವಾಕಿಂಗ್ ಶೂನ ಮೆತ್ತನೆ ಸೋಲ್ ಮೇಲೆ ಅದು ಸರಿಯಾಗಿ ಕೂರೋದೂ ಇಲ್ಲ.

ಬೆಂದಕಾಳು
ಜಾಕೆಟ್ ಬಾಡಿಗೆ ತಗೊಳ್ಳುವಾಗ ಮೂಗಿಗೆ ಹಿಡಿದು ನೋಡಿ. ನಿಮಗಿಂತ ಮುಂಚೆ ಹತ್ತಾರು ಜನ ಅದರಲ್ಲಿ ಬೆವರಿರುತ್ತಾರೆ.

ಡೂನ್_ಕನ್ನಡಿಗ
ಮೂಗಿಗಿಂತ ಮುಂಚೆ ಜಿಪ್ ನೋಡಿ ಗುರೂ. ವಾಸನೆ ತಡ್ಕೋಬಹುದು.

ಸೋಡಾಬುಡ್ಡಿ
ಕನ್ನಡಕ ಹಾಕುವವರ ಕಷ್ಟ ಯಾರೂ ಬರೆಯೋದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಹೊಸ ಹಿಮ ಬಿದ್ದರೆ ಬಿಸಿಲಿನ ಅತಿನೇರಳೆ ಕಿರಣದಲ್ಲಿ ಶೇಕಡಾ 80ರವರೆಗೆ ವಾಪಸ್ ಮುಖಕ್ಕೇ ಬರುತ್ತದೆ. ಕಪ್ಪು ಕನ್ನಡಕ ಸ್ಟೈಲಿಗಲ್ಲ. ಇಲ್ಲದಿದ್ದರೆ ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿ. ಪವರ್ ಇರುವ ಕಪ್ಪು ಕನ್ನಡಕ ಮಾಡಿಸಿಕೊಳ್ಳಿ, ಇಲ್ಲವೇ ಇರೋ ಕನ್ನಡಕದ ಮೇಲೆ ಹಾಕುವ ದೊಡ್ಡ ಸೈಜಿನದ್ದು ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದರ ನೀರು ರಾತ್ರಿ ಗಡ್ಡೆ ಕಟ್ಟದ ಹಾಗೆ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು.

ಕುತ್ತಿಗೆಗೆ ಹಾಕುವ ಬಟ್ಟೆಯ ಕೊಳವೆ ಬಫ್ ಅನ್ನು ಮೂಗು ಮುಚ್ಚುವ ಹಾಗೆ ಎಳೆದುಕೊಂಡರೆ ಗ್ಲಾಸ್ ಪೂರ್ತಿ ಮಂಜು. ಬಫ್ ಮೂಗಿನ ಕೆಳಗೇ ಇರಲಿ.

ನಡೆದಾಡುವವಳು
ಸನ್‌ಸ್ಕ್ರೀನ್ ಕೂಡ ಸೇರಿಸಿ. ಗಂಡಸರು ಹಚ್ಚಿಕೊಳ್ಳೋದಿಲ್ಲ, ವಾಪಸ್ ಬಂದಾಗ ಮೂಗಿನ ಸಿಪ್ಪೆ ಏಳುತ್ತಿರುತ್ತದೆ. ಗದ್ದದ ಕೆಳಗೂ ಹಚ್ಚಿ, ಹಿಮದ ಬಿಸಿಲು ಕೆಳಗಿನಿಂದಲೂ ಬರುತ್ತದೆ.

ಧಾರವಾಡದ_ಫೇಡೆ
ತಿನ್ನೋದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮ ಕಡೆ ಅಂಟಿನ ಉಂಡೆ ಮಾಡುತ್ತಾರೆ. ಬೆಲ್ಲ, ಒಣಕೊಬ್ಬರಿ, ತುಪ್ಪ, ಉತ್ತತ್ತಿ, ಗೋಂದು. ಬಾಣಂತಿಗೆ ಕೊಡುವಂಥದ್ದು, ಬೆಟ್ಟ ಹತ್ತುವವರಿಗೆ ಆಗೋದಿಲ್ವಾ? ಅಂಗಡಿಯ ಎನರ್ಜಿ ಬಾರ್ ಚಳಿಗೆ ಕಲ್ಲಾಗುತ್ತದೆ.

ತೀರ್ಥಳ್ಳಿ_ಮಾಣಿ
ಅಂಟಿನ ಉಂಡೆ ಮಾತ್ರ ಚಳಿಗೆ ಕಲ್ಲಾಗೋದಿಲ್ವೋ?

ಧಾರವಾಡದ_ಫೇಡೆ
ನಮ್ಮದು ಮೊದಲೇ ಕಲ್ಲು. ಮೋಸ ಇಲ್ಲ.

ಕರಾವಳಿ_ಬಿಸಿಲು
ಶೇಂಗಾ ಚಿಕ್ಕಿ ಸಾಕು ಬಿಡಿ. ಮುರಿದು ಜೇಬಲ್ಲಿ ಹಾಕಿಕೊಂಡರೆ ಚೀಲ ಬಿಚ್ಚೋದೇ ಬೇಡ. ಗ್ಲೌಸ್ ಹಾಕಿದ ಕೈಯಲ್ಲಿ ಪ್ಯಾಕೆಟ್ ಹರಿಯೋಕೆ ಆಗೋದಿಲ್ಲ, ಬಿಚ್ಚಿಯೇ ಇಟ್ಟುಕೊಳ್ಳಿ.

ಚಳ್ಳಕೆರೆ_ಹೈದ
ಖಡಕ್ ರೊಟ್ಟಿ, ಚಟ್ನಿಪುಡಿ. ಕೊನೆಗೆ ಉಳಿಯೋದು ಅದೇ.

ನಡೆದಾಡುವವಳು
ಖಡಕ್ ರೊಟ್ಟಿ ಸಾಂಕ್ರಿ ತಲುಪುವಾಗ ರವೆ ಆಗಿರುತ್ತದೆ. ಚಟ್ನಿಪುಡಿಗೆ ನನ್ನ ಓಟು. ದಿನಾ ಅದೇ ದಾಲ್, ಅನ್ನ, ರೊಟ್ಟಿ ತಿಂದು ನಾಲಿಗೆ ಸತ್ತಾಗ ಶೇಂಗಾ ಚಟ್ನಿಪುಡಿ ತೆಗೆದರೆ ಇಡೀ ಟೆಂಟು ನಿಮ್ಮ ಸ್ನೇಹಿತರಾಗುತ್ತಾರೆ.

ಗುಡ್ಡದ_ಗಾಳಿ
ಊಟ ಸಾಕು, ವಿಮಾನದ ವಿಷಯ ಒಂದು ಹೇಳಿಬಿಡುತ್ತೇನೆ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕಿದರೆ ವಾಪಸ್ ಕರೆಸುತ್ತಾರೆ. 100 ವ್ಯಾಟ್-ಅವರ್‌ವರೆಗಿನದ್ದು ಇಟ್ಟುಕೊಳ್ಳಿ, ಸಾಮಾನ್ಯ 20,000 ಎಂಎಎಚ್‌ನದ್ದು ಅದರೊಳಗೇ ಬರುತ್ತದೆ. ಕೋಲು ಮತ್ತು ಮೈಕ್ರೊಸ್ಪೈಕ್ ಉಲ್ಟಾ, ಅವು ಚೆಕ್-ಇನ್‌ನಲ್ಲಿ. ಲೈಟರ್, ಒಲೆಯ ಗ್ಯಾಸ್ ಡಬ್ಬಿ ಎರಡಕ್ಕೂ ಇಲ್ಲ.

ಹಾಸನದ_ಹುಡುಗ
ಇದು ಗೊತ್ತೇ ಇರಲಿಲ್ಲ. ಬ್ಯಾಗು ಎಷ್ಟು ಲೀಟರಿನದ್ದು ಬೇಕು? ಅಂಗಡಿಯವರು 70 ಲೀಟರಿನದ್ದೇ ತಗೊಳ್ಳಿ, ಮುಂದೆ ಬೇಕಾಗುತ್ತದೆ ಅಂತಾರೆ.

ಗುಡ್ಡದ_ಗಾಳಿ
50 ಲೀಟರ್ ಸಾಕು. ದೊಡ್ಡ ಬ್ಯಾಗು ಕೊಂಡರೆ ಖಾಲಿ ಜಾಗ ನೋಡಿ ಅಮ್ಮ ಇನ್ನೆರಡು ಸ್ವೆಟರ್ ಹಾಕುತ್ತಾರೆ. ಸೊಂಟದ ಬೆಲ್ಟ್ ದಪ್ಪಗೆ, ಗಟ್ಟಿಯಾಗಿ ಇದೆಯಾ ನೋಡಿ. ಭಾರ ಹೆಗಲ ಮೇಲಲ್ಲ, ಸೊಂಟದ ಮೂಳೆ ಮೇಲೆ ಕೂರಬೇಕು. ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ನೋಡಬೇಡಿ, ಒಳಗೆ ಏನಾದರೂ ಏಳೆಂಟು ಕೆಜಿ ತುಂಬಿಸಿಕೊಂಡು ಹಾಕಿ. ಭಾರದ ವಸ್ತು ಬೆನ್ನಿಗೆ ತಾಗಿ ನಡುಮಟ್ಟದಲ್ಲಿ ಇರಲಿ.

ರೇನ್‌ಕವರ್ ಒಂದನ್ನೇ ನಂಬಬೇಡಿ. ಗಾಳಿ ಬಂದರೆ ಅದು ಹಾರಿ ಹೋಗುತ್ತದೆ. ಕಸಕ್ಕೆ ಬಳಸುವ ದೊಡ್ಡ ಕಪ್ಪು ಚೀಲವನ್ನು ಬ್ಯಾಗಿನೊಳಗೆ ಹರಡಿ, ಬಟ್ಟೆಯೆಲ್ಲ ಅದರೊಳಗೆ ಹಾಕಿ ಬಾಯಿ ಕಟ್ಟಿ.

ಬೆಂದಕಾಳು
ಬ್ಯಾಗು ಸ್ನೇಹಿತರ ಹತ್ತಿರ ಕೇಳಿ ತರುವ ವಸ್ತು. ಬೆಂಗಳೂರಿನಲ್ಲಿ ಒಮ್ಮೆ ಹಿಮಾಲಯಕ್ಕೆ ಹೋಗಿ ಬಂದು ಮತ್ತೆ ಹೋಗದ ಸಾಫ್ಟ್‌ವೇರ್ ಮಂದಿ ಎಷ್ಟು ಇದ್ದಾರೋ, ಕಪಾಟಿನ ಮೇಲೆ ಅಷ್ಟು ರಕ್‌ಸ್ಯಾಕ್ ಕೂತಿವೆ.

ದೂರದ_ದಾರಿ
ಭಾರ ನಿಮ್ಮ ಮೈತೂಕದ ಐದನೇ ಒಂದು ಪಾಲು ದಾಟಬಾರದು ಅಂತ ಒಂದು ಅಂದಾಜು ಇದೆ. ಟೆಂಟು, ಅಡುಗೆ ಸಾಮಾನು ನಿಮ್ಮ ಮೇಲೆ ಇಲ್ಲದಿರುವಾಗ ಎಂಟು ಒಂಬತ್ತು ಕೆಜಿಗೆ ಮುಗಿಯಬೇಕು. ದಿನಕ್ಕೊಂದು ಜೊತೆ ಬಟ್ಟೆ ಬೇಡ. ನಡೆಯೋಕೆ ಒಂದು, ಅದು ಒದ್ದೆಯಾದರೆ ಇನ್ನೊಂದು, ಮಲಗೋಕೆ ಒಂದು. ಮಲಗುವ ಥರ್ಮಲ್ ಮತ್ತು ಒಂದು ಜೊತೆ ದಪ್ಪ ಕಾಲುಚೀಲವನ್ನು ಏನೇ ಆದರೂ ಹಗಲು ಹಾಕಬೇಡಿ. ಟೆಂಟಿನೊಳಗೆ ಒಣಗಿದ್ದು ಅಂತ ಉಳಿಯೋದು ಅದೊಂದೇ. ಫೋಟೊದಲ್ಲಿ ಎಲ್ಲ ದಿನವೂ ಅದೇ ಟೀ-ಶರ್ಟ್ ಕಾಣುತ್ತದೆ. ಕಾಣಲಿ ಬಿಡಿ.

ಕೊಡಗಿನ_ಕಾಫಿ
ಅಪ್ಪ ಸೈನ್ಯದಲ್ಲಿದ್ದವರು. ಅವರು ಹೇಳೋದು ಒಂದೇ: ಕ್ಯಾಂಪ್ ಮುಟ್ಟಿದ ಕೂಡಲೇ, ಟೀ ಕುಡಿಯುವ ಮುಂಚೆ, ಕಾಲುಚೀಲ ಬದಲಾಯಿಸು. ಪಾದ ಒರೆಸಿ, ಪೌಡರ್ ಹಾಕಿ, ಒಣಗಿದ್ದು ಹಾಕು. ಒದ್ದೆಯದನ್ನು ಹಿಂಡಿ ಜಾಕೆಟ್ಟಿನ ಒಳಗೆ ಹೊಟ್ಟೆ ಹತ್ತಿರ ಇಟ್ಟುಕೋ, ಮೈ ಬಿಸಿಗೆ ಒಣಗುತ್ತದೆ. ವಾಸನೆ ಬಂದರೆ ಬರಲಿ.

ನಡೆದಾಡುವವಳು
ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಎರಡು ಮಾತು. ಕ್ಯಾಂಪಿನಲ್ಲಿ ಟಾಯ್ಲೆಟ್ ಟೆಂಟ್ ಇರುತ್ತದೆ. ಗುಂಡಿ ತೋಡಿ, ಮೇಲೆ ಮಣ್ಣು ಹಾಕುವಂಥದ್ದು. ನೀರಿಲ್ಲ, ಟಿಶ್ಯೂ. ರಾತ್ರಿ ಎದ್ದು ಹೋಗೋಕೆ ಬೇಜಾರು ಅಂತ ಸಂಜೆಯಿಂದ ನೀರು ಕುಡಿಯೋದು ನಿಲ್ಲಿಸಬೇಡಿ. ಎತ್ತರದಲ್ಲಿ ನೀರು ಕಮ್ಮಿಯಾದರೆ ತಲೆನೋವು ಅಲ್ಲಿಂದಲೇ ಶುರು. ಟಾರ್ಚು, ಕಾಲಿಗೆ ಸುಲಭವಾಗಿ ಸಿಕ್ಕಿಸುವ ಚಪ್ಪಲಿ ಟೆಂಟಿನ ಬಾಗಿಲಲ್ಲೇ ಇರಲಿ.

ತಾರೀಕು ಹತ್ತಿರ ಇರಲಿ ಬಿಡಲಿ, ಪ್ಯಾಡ್ ಅಥವಾ ಕಪ್ ತಗೊಂಡು ಹೋಗಿ. ಎತ್ತರ, ಸುಸ್ತು ಎರಡೂ ಸೇರಿ ಲೆಕ್ಕ ತಪ್ಪಬಹುದು. ಕಪ್ ಬಳಸಿ ಅಭ್ಯಾಸ ಇಲ್ಲದವರು ಅಲ್ಲಿ ಮೊದಲ ಸಲ ಪ್ರಯತ್ನ ಮಾಡಬೇಡಿ. ಬಳಸಿದ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಜಿಪ್ ಇರುವ ಕವರಿನಲ್ಲಿ ಹಾಕಿ ವಾಪಸ್ ತರಬೇಕು. ಗುಂಡಿಗೆ ಹಾಕಬೇಡಿ. ವೆಟ್ ವೈಪ್ ಕೂಡ ಹಾಗೇ, ಅದು ಪೇಪರ್ ಅಲ್ಲ, ಪ್ಲಾಸ್ಟಿಕ್. ಗಂಡಸರಿಗೂ ಇದು ಅನ್ವಯ.

ಹಾಸನದ_ಹುಡುಗ
ನಮ್ಮ ಗುಂಪಿನಲ್ಲಿ ಒಬ್ಬರು ಇದ್ದಾರೆ, ಇದನ್ನು ಹಾಗೇ ಕಳಿಸಿದೆ. ಅವರು ನಿಮಗೆ ಥ್ಯಾಂಕ್ಸ್ ಹೇಳೋಕೆ ಹೇಳಿದರು.

ಇನ್ನೊಂದು ಕೇಳೋದಿತ್ತು. ಮನೆಯಲ್ಲಿ ತುಂಬಾ ಹೆದರುತ್ತಿದ್ದಾರೆ. ಸಹಸ್ರತಾಲ್‌ನಲ್ಲಿ ಆಗಿದ್ದನ್ನು ಟಿವಿಯಲ್ಲಿ ನೋಡಿದ್ದರು.

ದೂರದ_ದಾರಿ
ಹೆದರೋದು ಸಹಜ. 2024ರ ಜೂನ್‌ನಲ್ಲಿ ಕರ್ನಾಟಕದಿಂದ ಹೋದ, ಗೈಡ್‌ಗಳೂ ಸೇರಿ 22 ಜನರ ತಂಡ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು. ಅವರಲ್ಲಿ ಹಲವರು ವರ್ಷಗಟ್ಟಲೆ ಬೆಟ್ಟ ಹತ್ತಿದವರು. ಅವರ ತಪ್ಪು ಹುಡುಕುವ ಕೆಲಸ ಇಲ್ಲಿ ಯಾರೂ ಮಾಡೋದು ಬೇಡ.

ಸಹಸ್ರತಾಲ್ 4,400 ಮೀಟರಿಗಿಂತ ಮೇಲೆ, ಬಯಲು, ಊರಿಂದ ತುಂಬಾ ದೂರ. ಕೇದಾರಕಂಠದಲ್ಲಿ ಕ್ಯಾಂಪ್‌ವರೆಗೂ ಕಾಡು ಇದೆ, ಸೀಸನ್‌ನಲ್ಲಿ ಜನ ಇರುತ್ತಾರೆ, ಒಂದು ದಿನದಲ್ಲಿ ಇಳಿಯಬಹುದು. ಆದರೂ ಹವಾಮಾನ ಕೆಟ್ಟರೆ ಕೆಟ್ಟದ್ದೇ. ನಿಮ್ಮ ಕೈಯಲ್ಲಿ ಇರೋದು ಇಷ್ಟು: ತುದಿಗೆ ಹೋಗುವ ದಿನ ದೊಡ್ಡ ಬ್ಯಾಗು ಕ್ಯಾಂಪಿನಲ್ಲೇ ಉಳಿಯುತ್ತದೆ, ಸಣ್ಣ ಚೀಲ ಜೊತೆಗೆ ಬರುತ್ತದೆ. ಬಿಸಿಲಿದ್ದರೂ ಆ ಸಣ್ಣ ಚೀಲದಲ್ಲಿ ಉಬ್ಬು ಜಾಕೆಟ್, ಮಳೆ ಜಾಕೆಟ್, ಒಂದು ಜೊತೆ ಹೆಚ್ಚುವರಿ ಗ್ಲೌಸ್, ಹೆಡ್‌ಟಾರ್ಚ್, ನೀರು, ತಿನ್ನೋಕೆ ಏನಾದರೂ ಇರಲೇಬೇಕು. ಭಾರ ಅಂತ ಜಾಕೆಟ್ ಬಿಟ್ಟು ಹೋಗಬೇಡಿ. ಗೈಡ್ ವಾಪಸ್ ಅಂದರೆ ವಾಪಸ್. ಅಲ್ಲಿ ಚರ್ಚೆ ಬೇಡ.

ಡೂನ್_ಕನ್ನಡಿಗ
ತುದಿಗೆ ರಾತ್ರಿ ಎರಡು ಮೂರು ಗಂಟೆಗೇ ಹೊರಡಿಸುತ್ತಾರೆ, ಸೂರ್ಯೋದಯ ನೋಡೋಕೆ. ಮೊಬೈಲ್ ಟಾರ್ಚ್ ಹಿಡಿದು ಬರುವವರು ಪ್ರತಿ ಗುಂಪಿನಲ್ಲೂ ಇಬ್ಬರಾದರೂ ಇರುತ್ತಾರೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಫೋನು, ಜಾರಿದರೆ ಹಿಡಿಯೋದು ಯಾವುದರಿಂದ? ಹಣೆಗೆ ಕಟ್ಟುವ ಟಾರ್ಚೇ ಬೇಕು.

ತೆಳು ಗ್ಲೌಸ್ ಒಳಗೆ, ನೀರು ತಡೆಯುವಂಥದ್ದು ಹೊರಗೆ. ಕ್ಯಾಮೆರಾ ತೆಗೆಯುವಾಗ ಹೊರಗಿನದ್ದು ಮಾತ್ರ ತೆಗೆಯಿರಿ. ಬರೀ ಕೈಯಲ್ಲಿ ಲೋಹದ ಕೋಲು ಹಿಡಿಯಬೇಡಿ.

ಸೋಡಾಬುಡ್ಡಿ
ಹೈಡ್ರೇಶನ್ ಪೈಪಿನ ಚೀಲ ಒಯ್ಯಬೇಕಾ ಸರ್? ಅದೂ ಪಟ್ಟಿಯಲ್ಲಿ ಇರುತ್ತದೆ.

ಡೂನ್_ಕನ್ನಡಿಗ
ಪೈಪಿನೊಳಗೆ ನೀರು ಗಡ್ಡೆ ಕಟ್ಟುತ್ತದೆ. ಒಂದೊಂದು ಲೀಟರಿನ ಎರಡು ಬಾಟಲಿ ಸಾಕು. ಒಂದು ಬಿಸಿ ತಡೆಯುವಂಥದ್ದಾದರೆ ಒಳ್ಳೆಯದು. ಇನ್ನೊಂದಕ್ಕೆ ಮಲಗುವ ಮುಂಚೆ ಬಿಸಿನೀರು ಹಾಕಿ, ಮುಚ್ಚಳ ಬಿಗಿಯಾಗಿದೆಯಾ ಅಂತ ಎರಡು ಸಲ ನೋಡಿ, ಕಾಲುಚೀಲದೊಳಗೆ ತೂರಿಸಿ ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಹತ್ತಿರ ಇಟ್ಟುಕೊಳ್ಳಿ. ಬೆಳಗ್ಗೆ ಅದೇ ಕುಡಿಯುವ ನೀರು. ಫೋನು, ಪವರ್‌ಬ್ಯಾಂಕ್ ಕೂಡ ಒಳಗೇ. ಚಳಿಗೆ ಬ್ಯಾಟರಿ ಅರ್ಧ ದಿನದಲ್ಲಿ ಖಾಲಿ.

ಮೇಲಿಂದ ಎಷ್ಟು ಹೊದ್ದರೂ ನೆಲದ ಚಳಿ ಕೆಳಗಿಂದ ಬರುತ್ತದೆ. ಚಾಪೆ ತೆಳ್ಳಗಿದ್ದರೆ ಇನ್ನೊಂದು ಕೇಳಿ ಇಸ್ಕೊಳ್ಳಿ, ನಾಚಿಕೆ ಬೇಡ.

ಕೊಡಗಿನ_ಕಾಫಿ
ಹೊರಡುವ ಮುಂಚೆ ಇಲ್ಲೇ ಒಂದು ಸಲ ಅದೇ ಶೂ, ಅದೇ ಬ್ಯಾಗು, ಅದೇ ಭಾರ ಹೊತ್ತು ನಡೆದು ನೋಡಿ. ತಡಿಯಂಡಮೋಳ್ ಅಥವಾ ಕುದುರೆಮುಖ. ಕುದುರೆಮುಖ ಹೋಗಿ ಬರೋಕೆ 20 ಕಿ.ಮೀ. ಹತ್ತಿರ ಆಗುತ್ತದೆ, ಏನು ಉಜ್ಜುತ್ತದೆ, ಏನು ಚುಚ್ಚುತ್ತದೆ ಎಲ್ಲ ಗೊತ್ತಾಗುತ್ತದೆ.

ಹಾಸನದ_ಹುಡುಗ
ಅಲ್ಲೇ ಮೇಲೆ ಒಂದು ರಾತ್ರಿ ಟೆಂಟ್ ಹಾಕಿ ಮಲಗಿ ನೋಡಬಹುದಾ?

ತೀರ್ಥಳ್ಳಿ_ಮಾಣಿ
ಇಲ್ಲ ಮಾರಾಯ್ರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಮೇಲೆ ಟೆಂಟ್ ಹಾಕೋ ಹಾಗಿಲ್ಲ, ಸಂಜೆಯೊಳಗೆ ಇಳಿಯಬೇಕು. ಕೆಳಗೆ ಊರಿನ ಹೋಂಸ್ಟೇಯಲ್ಲಿ ಉಳಿಯೋದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಗಟ್ಟಲೆ ಜನ ಸಾಲು ನಿಂತ ಫೋಟೊ ನೋಡಿದ್ರಲ್ಲ? ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದಿದೆ. ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲಿ ಮೊದಲೇ ಮಾಡಿಸಿಕೊಂಡು ಬನ್ನಿ, ಗೇಟಿನ ಹತ್ತಿರ ನಿಂತು ಗೋಗರೆಯಬೇಡಿ.

ಮಳೆ ಮುಗಿಯುವ ಮುಂಚೆ ಬಂದರೆ ಉಂಬಳ (ಜಿಗಣೆ) ಇರುತ್ತದೆ. ಉಪ್ಪು, ನಶ್ಯ ತಗೊಂಡು ಬನ್ನಿ.

ಕರಾವಳಿ_ಬಿಸಿಲು
ಲುಂಗಿಯಲ್ಲಿ ಬಂದರೆ ಉಂಬಳ ಕಂಡ ಕೂಡಲೇ ಕಿತ್ತು ಹಾಕಬಹುದು. ಪ್ಯಾಂಟಿನೊಳಗೆ ಹೊಕ್ಕರೆ ಗೊತ್ತೇ ಆಗಲ್ಲ.

ದೂರದ_ದಾರಿ
ಅಣ್ಣ ಲುಂಗಿ ಬಿಡೋದಿಲ್ಲ.

ಕರಾವಳಿ_ಬಿಸಿಲು
ಬಿಟ್ಟರೆ ಕಷ್ಟ.

ಬೆಂದಕಾಳು
😂😂😂

ನಡೆದಾಡುವವಳು
ಥೂ.

ವಿಷಯಕ್ಕೆ ಬರೋಣ. ಟೆಂಟಿನ ಅಭ್ಯಾಸಕ್ಕೆ ಮನೆಯ ತಾರಸಿ ಸಾಕು. ಸ್ಲೀಪಿಂಗ್ ಬ್ಯಾಗ್ ಯಾರದ್ದಾದರೂ ತಂದು ಒಂದು ರಾತ್ರಿ ತಾರಸಿಯಲ್ಲಿ ಮಲಗಿ. ಕತ್ತಲೆಯಲ್ಲಿ ಜಿಪ್ ಹಾಕೋದು, ಟಾರ್ಚ್ ಹುಡುಕೋದು, ಅದರೊಳಗೇ ಬಟ್ಟೆ ಬದಲಾಯಿಸೋದು ಬಂದರೆ ಸಾಕು. ಕೋಲಿನ ಅಭ್ಯಾಸವೂ ಮಾಡಿ. ಹತ್ತುವಾಗ ಗಿಡ್ಡ, ಇಳಿಯುವಾಗ ಉದ್ದ.

ಸೋಡಾಬುಡ್ಡಿ
ಕೋಲು ಒಂದಾ ಎರಡಾ?

ನಡೆದಾಡುವವಳು
ನಲವತ್ತು ದಾಟಿದ ಮಂಡಿಗೆ ಎರಡು. ಹುಡುಗರಿಗೆ ಒಂದು ನಡೆಯುತ್ತದೆ.

ಚಳ್ಳಕೆರೆ_ಹೈದ
ಶೂ ಬಗ್ಗೆ ನನ್ನದೊಂದು ಪ್ರಶ್ನೆ. ಒಳ್ಳೆಯ ಟ್ರೆಕ್ಕಿಂಗ್ ಶೂ ಒಂದು ಜೊತೆ ಅಟ್ಟದ ಮೇಲಿದೆ. ಕೊರೊನಾಗೆ ಮುಂಚೆ ಕೊಂಡಿದ್ದು, ಹಾಕಿದ್ದೇ ಕಮ್ಮಿ, ಹೊಸದರ ಹಾಗೇ ಇದೆ. ನನ್ನದು ಒಂಬತ್ತು ನಂಬರ್. ಹಾಸನದವರಿಗೆ ಆದರೆ ಕೊಟ್ಟುಬಿಡುತ್ತೇನೆ.

ಗುಡ್ಡದ_ಗಾಳಿ
ಕೊಡುವ ಮುಂಚೆ ಸೋಲ್ ಬಗ್ಗಿಸಿ ನೋಡಿ ಅಣ್ಣ. ತುಂಬಾ ಶೂಗಳಲ್ಲಿ ಸೋಲ್ ಮತ್ತು ಮೇಲ್ಭಾಗದ ನಡುವೆ ಪಾಲಿಯುರಿಥೇನ್ ಅನ್ನೋ ಫೋಮ್ ಇರುತ್ತದೆ. ಅದು ಗಾಳಿಯ ತೇವಕ್ಕೆ ನಿಧಾನಕ್ಕೆ ಪುಡಿಯಾಗುತ್ತದೆ. ಬಳಸದೆ ಇಟ್ಟರೆ ಉಳಿಯುತ್ತದೆ ಅನ್ಕೊಳ್ಳೋದು ಉಲ್ಟಾ, ಸುಮ್ನೆ ಇಟ್ಟಿದ್ದೇ ಬೇಗ ಹೋಗುತ್ತದೆ. ನೋಡೋಕೆ ಹೊಸದು, ಅರ್ಧ ಬೆಟ್ಟ ಹತ್ತಿದ ಮೇಲೆ ಸೋಲ್ ಬಾಯಿ ಬಿಡುತ್ತದೆ. ಅದಕ್ಕೇ ಬ್ಯಾಗಿನಲ್ಲಿ ಎರಡು ಮೀಟರ್ ನೈಲಾನ್ ದಾರ, ಸ್ವಲ್ಪ ಗಟ್ಟಿ ಟೇಪು ಇರಬೇಕು. ಟೇಪನ್ನು ಬಾಟಲಿಗೆ ಸುತ್ತಿ ಇಟ್ಟರೆ ಬೇರೆ ಜಾಗ ಬೇಡ.

ಚಳ್ಳಕೆರೆ_ಹೈದ
ಈಗ ಅಟ್ಟ ಹತ್ತಿ ನೋಡಿ ಬಂದೆ. ಬಗ್ಗಿಸಿದೆ. ಎಡಗಾಲಿನದ್ದು ಕೈಗೇ ಬಂತು.

ಹಾಸನದ_ಹುಡುಗ
ಪರವಾಗಿಲ್ಲ ಅಣ್ಣ 😀 ನಾನು ಹೊಸದೇ ಕೊಳ್ಳುತ್ತೇನೆ.

ತೀರ್ಥಳ್ಳಿ_ಮಾಣಿ
ಬಿಸಾಡಬೇಡಿ. ಮೇಲಿನದ್ದು ಗಟ್ಟಿ ಇದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಹೊಸ ರಬ್ಬರ್ ಸೋಲ್ ಅಂಟಿಸಿ, ಸುತ್ತ ಹೊಲಿಗೆ ಹಾಕಿಸಿ. ಹಿಮಕ್ಕೆ ಬೇಡ, ತೋಟಕ್ಕೆ ಆಗುತ್ತದೆ.